ಹೆಸರು ಹೊಂದಿಕೆಯಾಗುತ್ತಿಲ್ಲ

ವಿರಾಜಪೇಟೆಯ ಸೈಬರ್ ಸೆಂಟರಿನ ಹುಡುಗ
ನನ್ನ ಕಡೆ ತಿರುಗದೆ ಓದಿದ:
ಅರ್ಜಿದಾರರ ಹೆಸರು ಹೊಂದಿಕೆಯಾಗುತ್ತಿಲ್ಲ.
ಇದು ಮೂರನೇ ಸಲ. ಸಲಕ್ಕೆ ಐವತ್ತು ರೂಪಾಯಿ,
ಪ್ರಿಂಟಿಗೆ ಬೇರೆ.

ಆಧಾರಿನಲ್ಲಿ ನಾನು ಚಾತಿ.
ಬಿ.ಎ. ಅಂಕಪಟ್ಟಿಯಲ್ಲಿ ಶಾಂತಿ ವೈ.ಕೆ.
ವೈ ಅಂದರೆ ಯರವ, ಕೆ ಅಂದರೆ ಕರ್ಪ, ನಮ್ಮಪ್ಪ.
ಒಂದನೇ ಕ್ಲಾಸಿಗೆ ಸೇರಿಸಿದ ದಿನ
ಇದೆಂಥ ಹೆಸರು ಅಂದರಂತೆ ಮೇಷ್ಟ್ರು,
ಉತ್ತರಕ್ಕೆ ಕಾಯದೆ ಬರೆದರಂತೆ.
ಕೆಟ್ಟವರಲ್ಲ. ಕೇಳದೆಯೇ ಎರಡನೇ ಸಲ ಸಾರು ಬಡಿಸುತ್ತಿದ್ದರು.
ಅಕ್ಷರವೂ ದುಂಡಗಿತ್ತು.

ಆ ದುಂಡಕ್ಷರಕ್ಕೂ ನನ್ನ ಬೆರಳಚ್ಚಿಗೂ ನಡುವೆ
ಈಗ ವಿದ್ಯಾರ್ಥಿವೇತನ ಸಿಕ್ಕಿಕೊಂಡಿದೆ,
ಒಂದು ಸೆಮಿಸ್ಟರಿನ ಹತ್ತೊಂಬತ್ತು ಸಾವಿರ.

ಬ್ಯಾಂಕಿನ ಮ್ಯಾನೇಜರು ಒಳ್ಳೆಯ ಮಾತಿನವರು.
ಟೀಚರಾಗುವವರಿಗೆ ಸಾಲ ಕೊಡದೆ ಇನ್ನಾರಿಗಮ್ಮ,
ಓದು ಮುಗಿದ ಮೇಲೆ ತೀರಿಸಿದರಾಯಿತು.
ವಿಳಾಸ?
ಲೈನ್ ಮನೆ, ನಾಲ್ಕನೇ ಬಾಗಿಲು, ಮಾಲ್ದಾರೆ.
ಮನೆ ಯಾರದು?
ತೋಟದ್ದು.
ಪೆನ್ನಿಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

ರೈಟರು ಮಾತ್ರ ಯಾವ ದಾಖಲೆಯನ್ನೂ ಕೇಳಲಿಲ್ಲ.
ಎಷ್ಟು ಬೇಕು ಹೇಳು, ಸಾವ್ಕಾರ್ರು ಇಲ್ಲ ಅನ್ನೋದಿಲ್ಲ,
ಎನ್ನುತ್ತ ಅವ್ವನ ಪುಟ ತೆರೆದ.
ಅಲ್ಲಿ ಚಿಕ್ಕಪ್ಪನ ಮದುವೆ ಇತ್ತು, ಅಪ್ಪನ ಆಸ್ಪತ್ರೆ ಇತ್ತು,
ಶಾಯಿ ಕಂದಿಹೋದ ಒಂದು ಮುಂಗಡ,
ನನಗಿಂತ ನಾಲ್ಕು ವರ್ಷ ದೊಡ್ಡದು.
ಆ ಪುಸ್ತಕದಲ್ಲಿ ಎಲ್ಲರ ಹೆಸರೂ ಹೊಂದಿಕೆಯಾಗಿತ್ತು.
ನನ್ನದನ್ನು ಚಾತಿ ಎಂದೇ ಬರೆಯುತ್ತಿದ್ದ ಅವನು,
ತಪ್ಪಿಲ್ಲದೆ.

ಅವ್ವ ಕೈಚಾಚಿ ಪುಟ ಮುಚ್ಚಿದಳು.
ಅವಳು ಜೀವಮಾನದಲ್ಲಿ ಮುಟ್ಟಿದ ಪುಸ್ತಕ ಅದೊಂದೇ.

ಭಾನುವಾರ ರೋಬಸ್ಟಾ ಕೊಯ್ದೆ, ಕಿಲೋಗೆ ಐದು.
ಪಾಠಯೋಜನೆಯ ಬೆನ್ನಿಗೆ ಲೆಕ್ಕ ಹಾಕಿದೆ:
ಸೆಮಿಸ್ಟರ್ ಅಂದರೆ ಮೂರು ಸಾವಿರದ ಎಂಟುನೂರು ಕಿಲೋ,
ಸೀಸನ್ನಿಗೆ ಭಾನುವಾರಗಳೇ ಹನ್ನೆರಡು.
ತರಗತಿ ನೋಡಲು ಬಂದ ಮೇಡಂ
ಇದೇನು, ಬೋಧನೋಪಕರಣವೇ ಎಂದರು.
ಹೌದು ಮೇಡಂ ಎಂದೆ. ಅರ್ಧ ಅಂಕ ಹೆಚ್ಚು ಬಂತು.

ಕಾಲೇಜಿನ ಆಫೀಸಿನ ದೇಚಕ್ಕನೇ ದಾರಿ ಹೇಳಿದ್ದು:
ನೂರು ರೂಪಾಯಿಯ ಛಾಪಾ ಕಾಗದ ತೆಗೆದುಕೋ,
ಇಬ್ಬರೂ ಒಬ್ಬಳೇ ಅಂತ ಪ್ರಮಾಣ ಮಾಡು.
ಮಾಡಿದೆ. ನೋಟರಿ ತಲೆ ಎತ್ತದೆ ಸೀಲು ಒತ್ತಿದರು.
ಚಾತಿಯೂ ಶಾಂತಿಯೂ ಒಬ್ಬಳೇ,
ನನ್ನ ಅರಿವಿಗೆ ಬಂದಮಟ್ಟಿಗೆ ಇದು ಸತ್ಯ.
ಅರಿವಿಗೆ ಬಂದಮಟ್ಟಿಗೆ.
ಬಸ್ಸಿನಲ್ಲಿ ಆ ಒಂದು ಪದ
ಗೋಣಿಕೊಪ್ಪದವರೆಗೂ ಪಕ್ಕದಲ್ಲೇ ಕೂತು ಬಂತು.

ಫೀಸಿನ ಪಟ್ಟಿಯಲ್ಲಿ ನನ್ನ ಸಾಲಿನೆದುರು
ದೇಚಕ್ಕ 'ಬರಲಿದೆ' ಎಂದು ಬರೆದಿಟ್ಟಿದ್ದಾಳೆ, ಪೆನ್ಸಿಲಿನಲ್ಲಿ.
ಪ್ರಿನ್ಸಿಪಾಲರು ಕೇಳಿದಾಗಲೆಲ್ಲ
ಅಳಿಸಿ, ಇನ್ನಷ್ಟು ಒತ್ತಿ ಬರೆಯುತ್ತಾಳೆ.

ಅಭ್ಯಾಸ ಪಾಠಕ್ಕೆ ನನಗೆ ಸಿಕ್ಕಿದ್ದು
ತಿತಿಮತಿಯಾಚೆಗಿನ ಹಾಡಿಯ ಶಾಲೆ.
ರಸ್ತೆಯಲ್ಲಿ ಆನೆ ನಿಂತು, ಬಸ್ಸು ನಿಂತು, ತಡವಾಗಿ ಹೋದೆ.
ದೊಡ್ಡ ಟೀಚರ್ ಫೋನಿನಲ್ಲಿದ್ದರು,
ದಾಖಲಾತಿ ಪುಸ್ತಕವನ್ನು ನನ್ನತ್ತ ತಳ್ಳಿದರು.

ಎದುರಿಗೆ ಒಬ್ಬ ತಾಯಿ, ಸೆರಗಿನ ತುದಿ ಹಿಡಿದ ಹುಡುಗ.
ಹೆಸರು?
ಬೊಳಕ, ಅಂದಳು ನೆಲಕ್ಕೆ.
ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.
ಆಮೇಲೆ ಆಧಾರ್ ನೋಡಿದೆ:
ಬಾಲಕ.

ತಾಯಿಯ ಮಾತಿನಂತೆ ಬರೆದರೆ
ಹದಿನೇಳು ವರ್ಷದ ಮೇಲೆ ಇವನೂ
ಬೆನ್ನು ತಿರುಗಿಸಿ ಕೂತ ಯಾವನದೋ ಮುಂದೆ ನಿಲ್ಲಬೇಕು.
ಕಾರ್ಡಿನಂತೆ ಬರೆದರೆ
ನಾನೇ ಆ ಮೇಷ್ಟ್ರು, ಆ ದುಂಡಕ್ಷರ.

ಪೆನ್ನು ಕೆಳಗಿಟ್ಟೆ. ಬ್ಯಾಗಿನಲ್ಲಿ ಪೆನ್ಸಿಲ್ ಹುಡುಕಿದೆ.
ನಾಳೆ ಪೊನ್ನಂಪೇಟೆಗೆ ಹೋಗೋಣ, ಕಾರ್ಡು ಸರಿಮಾಡಿಸೋಣ,
ನಾನೇ ಬರುತ್ತೇನೆ ಎಂದೆ.
ಬಸ್ಸಿನ ಚಾರ್ಜು ಮನಸ್ಸಿನಲ್ಲೇ ಎಣಿಸಿದೆ, ಮೂವರದು.

ಅಷ್ಟು ಹೊತ್ತೂ ಸೆರಗಿನ ಹಿಂದಿದ್ದವನು
ಮುಂದೆ ಬಂದು ಕೇಳಿದ:
ನಿನ್ನ ಹೆಸರೆಂಥ?
ಎರಡಿವೆ, ನಿನಗೆ ಯಾವುದು ಬೇಕು ಎಂದೆ.
ತುಂಬ ಹೊತ್ತು ಯೋಚಿಸಿದ, ಒಂದು ಕಾಲಿನ ಮೇಲೆ ನಿಂತು.